ಚಿಕ್ಕ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವಾಗ ಏನೇನು ಸವೆಯುತ್ತದೆ

ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. ಹತ್ತು ಹನ್ನೊಂದು ಮೀಟರ್ ಉದ್ದದ ಹಾಯಿದೋಣಿ ದಿನಕ್ಕೆ 120ರಿಂದ 140 ಮೈಲಿ ಸಾಗುತ್ತದೆ. ಅಂದರೆ ಹತ್ತೊಂಬತ್ತರಿಂದ ಇಪ್ಪತ್ಮೂರು ದಿನ. ಸುಮಾರು 850 ಮೈಲಿ ಹೋದ ಮೇಲೆ ಕೇಪ್ ವರ್ಡ್ ದ್ವೀಪಗಳ ಮಿಂಡೆಲೊ ಬಂದರು ಸಿಗುತ್ತದೆ. ಬೇಕಾದವರು ಅಲ್ಲಿ ನಿಂತು ನೀರು, ತರಕಾರಿ ತುಂಬಿಕೊಳ್ಳಬಹುದು. ಅದನ್ನು ಬಿಟ್ಟರೆ ನಡುವೆ ನೆಲವಿಲ್ಲ.

ಇಷ್ಟು ದೂರ ಎಂದಾಕ್ಷಣ ಎಲ್ಲರ ತಲೆಗೆ ಬರುವುದು ಬಿರುಗಾಳಿ. ಅದನ್ನು ತಪ್ಪಿಸಲೆಂದೇ ತಿಂಗಳನ್ನು ಆರಿಸಿಕೊಳ್ಳುವುದು. ಈ ಕಡಲಿನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಡಿಸೆಂಬರ್ ಹೊತ್ತಿಗೆ ಈಶಾನ್ಯ ವಾಣಿಜ್ಯ ಮಾರುತ ನೆಲೆಯೂರಿ 15ರಿಂದ 25 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ಬೆನ್ನಿನ ಕಡೆಯಿಂದ ಬೀಸುತ್ತದೆ. 'ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗು, ಆಮೇಲೆ ಬಲಕ್ಕೆ ತಿರುಗು' ಎಂಬ ಹಳೇ ನಾವಿಕರ ಮಾತು ಇವತ್ತಿಗೂ ನಡೆಯುತ್ತದೆ. ನೇರ ಗೆರೆ ಹಿಡಿದು ಹೊರಟವರು ಎಷ್ಟೋ ಸಲ ಗಾಳಿಯಿಲ್ಲದ ಕಡೆ ಸಿಕ್ಕಿಬೀಳುತ್ತಾರೆ.

ಗಾಳಿ ಹಿಂದಿನಿಂದ ಬಂದಾಗ ದೋಣಿ ಒಂದು ಬದಿಗೆ ಒರಗಿ ಸ್ಥಿರವಾಗಿ ನಿಲ್ಲುವುದಿಲ್ಲ, ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. ಒಂದು ಹೊರಳಿಗೆ ಆರು ಸೆಕೆಂಡ್ ಎಂದು ಹಿಡಿದರೆ ದಿನಕ್ಕೆ 14,400 ಸಲ, ಇಪ್ಪತ್ತು ದಿನಕ್ಕೆ 2,88,000 ಸಲ. ಪ್ರತಿ ಹೊರಳಿಗೂ ಹಗ್ಗ ರಾಟೆಯ ಮೇಲೆ ಒಂದೆರಡು ಮಿಲಿಮೀಟರ್ ಜರುಗುತ್ತದೆ, ಹಾಯಿಬಟ್ಟೆ ತಂತಿಗೆ ಉಜ್ಜುತ್ತದೆ, ಪಿನ್ನು ತನ್ನ ತೂತಿನಲ್ಲೇ ಅಲುಗುತ್ತದೆ, ಮಲಗಿದವರ ಮೈ ಆ ಕಡೆಯಿಂದ ಈ ಕಡೆಗೆ ಉರುಳುತ್ತದೆ. ದೋಣಿಯಾಗಲಿ ಮನುಷ್ಯರಾಗಲಿ ಸೋಲುವುದು ಈ ಲೆಕ್ಕಕ್ಕೆ. ಇಪ್ಪತ್ತು ದಿನದ ಬದುಕೆಂದರೆ ಬಹುಪಾಲು ಈ ಸವೆತದ ಬೆನ್ನುಹತ್ತುವ ಕೆಲಸ.

ಹಾಯಿಯಿಂದಲೇ ಶುರು ಮಾಡೋಣ. ಹಿಂಗಾಳಿಗೆ ಹಾಯಿ ಹರಡುವ ಬಗೆ ಮುಖ್ಯವಾಗಿ ಎರಡು. ಮಾಸ್ಟಿನ, ಅಂದರೆ ಹಾಯಿಕಂಬದ, ಹಿಂದಿರುವ ಮೇನ್ ಹಾಯಿಯನ್ನು ಒಂದು ಬದಿಗೆ ಪೂರ್ತಿ ಬಿಟ್ಟು, ಮುಂದಿನ ದೊಡ್ಡ ಹಾಯಿ ಜೆನೋವಾವನ್ನು ಇನ್ನೊಂದು ಬದಿಗೆ ಪೋಲ್ ಎಂಬ ಉದ್ದನೆಯ ಕೋಲು ಕೊಟ್ಟು ಹರಡುವುದು ಒಂದು. ಮೇನ್ ಇಳಿಸಿ ಕಟ್ಟಿಟ್ಟು, ಮುಂಭಾಗದಲ್ಲೇ ಎರಡು ಹಾಯಿಗಳನ್ನು ಎಡಕ್ಕೊಂದು ಬಲಕ್ಕೊಂದು ಹರಡುವುದು ಇನ್ನೊಂದು. ಇಬ್ಬರೇ ಇರುವ ದೋಣಿಯಾದರೆ ನನ್ನ ಮತ ಎರಡನೆಯದಕ್ಕೆ. ಎಳೆತ ಮುಂದಿನಿಂದ ಬರುವುದರಿಂದ ದೋಣಿ ಅತ್ತಿತ್ತ ಮೂತಿ ತಿರುಗಿಸುವುದು ಕಡಿಮೆ, ಚುಕ್ಕಾಣಿಯ ಮೇಲಿನ ಭಾರವೂ ಕಡಿಮೆ. ಎರಡೂ ಹಾಯಿ ಒಂದೇ ಫರ್ಲರ್ (ಹಾಯಿ ಸುತ್ತುವ ಉರುಳೆ) ಮೇಲಿದ್ದರೆ ರಾತ್ರಿ ಗಾಳಿ ಏರಿದಾಗ ಡೆಕ್ ಮೇಲೆ ಹೋಗದೆ ಚುಕ್ಕಾಣಿಯ ಬಳಿಯ ಕಾಕ್‌ಪಿಟ್‌ನಲ್ಲೇ ಕೂತು ಎರಡನ್ನೂ ಒಟ್ಟಿಗೆ ಸುತ್ತಿಕೊಳ್ಳಬಹುದು. ಹೊರಳಾಟ ಮಾತ್ರ ತುಸು ಜಾಸ್ತಿ. ಮೇನ್ ಹಾಯಿಯನ್ನು ಚೆನ್ನಾಗಿ ಚಿಕ್ಕದು ಮಾಡಿ ನಟ್ಟನಡುವೆ ಬಿಗಿದು ನಿಲ್ಲಿಸಿದರೆ ಅದೂ ಅಷ್ಟಿಷ್ಟು ತಗ್ಗುತ್ತದೆ.

ಪೋಲನ್ನು ಹಾಯಿಯ ಆಸರೆಗೆ ಬಿಡಬಾರದು. ಮೇಲಕ್ಕೊಂದು, ಮುಂದಕ್ಕೊಂದು, ಹಿಂದಕ್ಕೊಂದು ಹೀಗೆ ಮೂರು ಹಗ್ಗ ಕಟ್ಟಿ ಅದು ತನ್ನಷ್ಟಕ್ಕೆ ಅಲುಗದೆ ನಿಲ್ಲುವಂತೆ ಮಾಡಬೇಕು. ಹಾಯಿಯ ಮೂಲೆಯನ್ನು ಎಳೆದು ಹಿಡಿಯುವ ಶೀಟ್ ಹಗ್ಗ ಪೋಲಿನ ತುದಿಯ ಬಾಯಿಯೊಳಗಿಂದ ಹಾದುಹೋಗಲಿ, ಅಷ್ಟೇ. ಆಗ ಹಾಯಿಯನ್ನು ಸುತ್ತಿಕೊಂಡರೂ ಪೋಲ್ ಇದ್ದಲ್ಲೇ ಇರುತ್ತದೆ, ಗಾಳಿ ಇಳಿದ ಮೇಲೆ ಮತ್ತೆ ಬಿಚ್ಚುವುದು ಎರಡು ನಿಮಿಷದ ಕೆಲಸ. ಈ ಮೂರರಲ್ಲಿ ಒಂದು ಹಗ್ಗ ಉಳಿಸಲು ಹೋದವರು ನಡುರಾತ್ರಿ ನಾಲ್ಕು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ ಹುಚ್ಚೆದ್ದು ಬೀಸುವುದನ್ನು ಹಿಡಿಯಲು ಮುಂಭಾಗಕ್ಕೆ ತೆವಳಬೇಕಾಗುತ್ತದೆ.

ಇಡೀ ದೋಣಿಯಲ್ಲಿ ಹಗ್ಗ ಎಲ್ಲಕ್ಕಿಂತ ಬೇಗ ಸವೆಯುವುದು ಆ ಪೋಲಿನ ಬಾಯಲ್ಲೇ. ಮೊದಲು ಹೊರಕವಚದ ಹೊಳಪು ಹೋಗುತ್ತದೆ. ಆಮೇಲೆ ಬೆರಳಾಡಿಸಿದರೆ ಉಣ್ಣೆಯ ಹಾಗೆ ನವಿರು ಎಳೆ ಎದ್ದಿರುವುದು ಗೊತ್ತಾಗುತ್ತದೆ. ಇನ್ನೂ ಬಿಟ್ಟರೆ ಕವಚ ಹರಿದು ಒಳಗಿನ ಬಿಳಿ ತಿರುಳು ಇಣುಕುತ್ತದೆ, ಅಲ್ಲಿಂದ ಮುಂದೆ ಹಗ್ಗಕ್ಕೆ ಹೆಚ್ಚು ಆಯುಷ್ಯವಿಲ್ಲ. ಇದಕ್ಕೆ ಮದ್ದು ಸುಲಭ. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಶೀಟನ್ನು ಹತ್ತು ಹದಿನೈದು ಸೆಂಟಿಮೀಟರ್ ಬಿಡಿ ಅಥವಾ ಎಳೆಯಿರಿ. ನಿನ್ನೆ ಉಜ್ಜಿಸಿಕೊಂಡ ಜಾಗ ಆಚೆ ಸರಿದು ಹೊಸ ಜಾಗ ಬಾಯಿಗೆ ಬರುತ್ತದೆ. ಜೊತೆಗೆ ಒಂದು ಮೊಳ ಗಟ್ಟಿ ನೀರಿನ ಪೈಪನ್ನು ಹಗ್ಗಕ್ಕೆ ತೊಡಿಸಿ ಎರಡೂ ತುದಿ ದಾರದಿಂದ ಬಿಗಿದರೆ ಸವೆಯುವುದು ಪೈಪು. ಶೀಟನ್ನು ಬೇಕಾದ್ದಕ್ಕಿಂತ ಮೂರು ನಾಲ್ಕು ಮೀಟರ್ ಉದ್ದ ಇಟ್ಟುಕೊಳ್ಳಿ. ತುದಿ ಕೆಟ್ಟರೆ ಕತ್ತರಿಸಿ ಮತ್ತೆ ಗಂಟು ಹಾಕಬಹುದು.

ಹಾಯಿ ಏರಿಸುವ ಹಗ್ಗವಾದ ಹ್ಯಾಲ್ಯಾರ್ಡ್‌ಗೂ ಇದೇ ಲೆಕ್ಕ. ಮಾಸ್ಟ್ ತುದಿಯ ರಾಟೆಯ ಮೇಲೆ ಒಂದೇ ಜಾಗ ಇಪ್ಪತ್ತು ದಿನ ಕೂತರೆ ಅಲ್ಲೇ ತುಂಡಾಗುತ್ತದೆ, ಹಾಯಿ ಕಡಲಿಗೆ ಬೀಳುತ್ತದೆ, ಹೊಸ ಹಗ್ಗ ಪೋಣಿಸಲು ಹೊರಳುವ ಮಾಸ್ಟ್ ಹತ್ತಬೇಕು. ಅಂಥ ಕಡಲಿನಲ್ಲಿ ಮಾಸ್ಟ್ ಹತ್ತುವುದು ಮೈಮುರಿಯುವ, ಅಪಾಯದ ಕೆಲಸ. ಎರಡು ದಿನಕ್ಕೊಮ್ಮೆ ಐದು ಸೆಂಟಿಮೀಟರ್ ಇಳಿಸುವುದು ಅದಕ್ಕಿಂತ ಎಷ್ಟೋ ವಾಸಿ. ಬಲೂನಿನಂತೆ ಉಬ್ಬುವ ಸ್ಪಿನೇಕರ್ ಹಾಯಿ ಹಾರಿಸುವವರು ಇನ್ನೂ ಹುಷಾರಾಗಿರಬೇಕು. ಅದರ ಹ್ಯಾಲ್ಯಾರ್ಡ್ ಓರೆಯಾಗಿ ಎಳೆಯುವುದರಿಂದ ಒಂದೇ ರಾತ್ರಿಯಲ್ಲಿ ಕವಚ ಕಳಚಿಕೊಳ್ಳಬಹುದು.

ಮೇನ್ ಹಾಯಿಯನ್ನೇ ನೆಚ್ಚಿದವರು ಬೂಮ್, ಅಂದರೆ ಆ ಹಾಯಿಯ ಬುಡದ ಅಡ್ಡಕೋಲು, ತಟ್ಟನೆ ಆಚೆ ಬದಿಗೆ ಬೀಸದಂತೆ ತಡೆಯುವ ಪ್ರಿವೆಂಟರ್ ಹಗ್ಗವನ್ನು ಬೂಮಿನ ತುದಿಗೇ ಕಟ್ಟಬೇಕು. ನಡುವಿಗೆ ಕಟ್ಟಿದರೆ, ಜೋರಾಗಿ ಹೊರಳಿದಾಗ ಬೂಮಿನ ತುದಿ ನೀರಿಗೆ ಕಚ್ಚಿದರೆ ಅಥವಾ ಗಾಳಿ ಹಾಯಿಯ ಹಿಂಬದಿಗೆ ಹೊಡೆದರೆ, ಕಟ್ಟಿದ ಜಾಗದಲ್ಲೇ ಬೂಮ್ ಮುರಿಯುತ್ತದೆ. ತುದಿಯಿಂದ ಹೊರಟ ಹಗ್ಗ ದೋಣಿಯ ಮೂತಿಯ ರಾಟೆ ದಾಟಿ ಕಾಕ್‌ಪಿಟ್‌ನ ಹಗ್ಗ ಎಳೆಯುವ ವಿಂಚಿಗೆ ವಾಪಸು ಬರಲಿ. ತಪ್ಪಿ ಹಾಯಿ ಹಿಮ್ಮೊಗವಾದರೂ ಕೂತಲ್ಲಿಂದಲೇ ನಿಧಾನವಾಗಿ ಬಿಡಬಹುದು. ಮೇನ್ ಬಟ್ಟೆ ಪಕ್ಕದ ತಂತಿಗಳಿಗೂ ಮಾಸ್ಟಿನ ಅಡ್ಡತೋಳುಗಳಾದ ಸ್ಪ್ರೆಡರ್‌ಗಳಿಗೂ ತಾಗುವ ಕಡೆ ಹೊರಡುವ ಮೊದಲೇ ಅಂಟುಬಟ್ಟೆಯ ತೇಪೆ ಹಾಕಿಡಿ. ಬೂಮನ್ನು ಕೆಳಕ್ಕೆ ಹಿಡಿದಿಡುವ ವ್ಯಾಂಗ್ ಬಿಗಿಯಾಗಿದ್ದರೆ ಬಟ್ಟೆ ಗರಗಸದಂತೆ ಮೇಲೆ ಕೆಳಗೆ ಆಡುವುದಿಲ್ಲ.

ಬೆಳಗಿನ ಸುತ್ತು ತಪ್ಪಿಸಲೇಬಾರದು. ಬೆಳಕು ಹರಿದ ಕೂಡಲೇ ಸೊಂಟಪಟ್ಟಿಯ ಕೊಕ್ಕೆ ಹಾಕಿಕೊಂಡು ಡೆಕ್ ಮೇಲೆ ಒಂದು ಸುತ್ತು ಬರುವುದು. ರಾತ್ರಿ ಹಾರಿ ಬಿದ್ದ ಹಾರುಮೀನುಗಳನ್ನು ಎತ್ತಿಹಾಕಿ, ಅವುಗಳ ಪೊರೆ ಒಣಗಿ ಅಂಟುವ ಮೊದಲು ನೀರು ಸುರಿಯಿರಿ. ಆಮೇಲೆ ಕಣ್ಣು ಡೆಕ್ ಮೇಲೆಯೇ ಇರಲಿ, ಹುಡುಕಬೇಕಾದದ್ದು ಚಿಕ್ಕ ಲೋಹದ ಚೂರು. ಒಂದು ವಾಷರ್, ಒಂದು ನಟ್ಟು, ಒಂದು ಸ್ಪ್ಲಿಟ್ ಪಿನ್ನಿನ ತುಂಡು ಬಿದ್ದಿದ್ದರೆ ಅದು ಎಲ್ಲಿಂದ ಬಿತ್ತೆಂದು ಪತ್ತೆಯಾಗುವವರೆಗೆ ಕಾಫಿಯೂ ಬೇಡ. ಬಹಳ ಸಲ ಅದು ಬೂಮ್ ಮಾಸ್ಟಿಗೆ ಸೇರುವ ಗೂಸ್‌ನೆಕ್‌ನದೋ, ಫರ್ಲರಿನ ಡ್ರಮ್ಮಿನದೋ ಆಗಿರುತ್ತದೆ. ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ಪೂರ್ತಿ ಹಿಂದಕ್ಕೆ ಮಡಚದೆ ಇಪ್ಪತ್ತು ಡಿಗ್ರಿಯಷ್ಟು ಅಗಲಿಸಿ ಟೇಪ್ ಸುತ್ತಿದರೆ ಸಾಕು. ಪೂರ್ತಿ ಮಡಚಿದ್ದು ಬಿಚ್ಚುವಾಗ ಮುರಿಯುತ್ತದೆ. ಶ್ಯಾಕಲ್ ಎಂಬ ಲೋಹದ ಕೊಂಡಿಗಳ ಪಿನ್ನಿಗೆ ತಂತಿ ಬಿಗಿಯದೆ ಹೊರಡಬೇಡಿ.

ಮಾಸ್ಟನ್ನು ಹಿಡಿದಿರುವ ಸ್ಟೀಲ್ ತಂತಿಗಳು ಸಾಮಾನ್ಯವಾಗಿ ಹತ್ತೊಂಬತ್ತು ಎಳೆಯವು. ಮುರಿಯುವುದು ನಡುವಿನಲ್ಲಲ್ಲ, ತಂತಿ ತನ್ನ ತುದಿಗೆ ಹಾಕಿದ ಲೋಹದ ಕೊಳವೆಯೊಳಗೆ ಹೋಗುವ ಬಾಯಲ್ಲಿ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಟಿಶ್ಯೂ ಕಾಗದವನ್ನು ಆ ಜಾಗದ ಸುತ್ತ ಎಳೆದು ನೋಡಿ. ಎಳೆ ಮುರಿದಿದ್ದರೆ ಕಾಗದದ ನಾರು ಸಿಕ್ಕಿಕೊಳ್ಳುತ್ತದೆ. ಒಂದೇ ಎಳೆ ಹೋಗಿದ್ದರೂ ಸುಮ್ಮನಿರಬೇಡಿ. ಆ ಬದಿಗೆ ಭಾರ ಬೀಳದಂತೆ ಹಾಯಿಗಳನ್ನು ಬದಲಿಸಿ, ಡೈನೀಮಾ ಎಂಬ ಸಿಂಥೆಟಿಕ್ ಎಳೆಯ ಹಗ್ಗ ಅಥವಾ ಬಿಡುವಾಗಿರುವ ಹ್ಯಾಲ್ಯಾರ್ಡ್ ತಂದು ಅದೇ ಬದಿಯಲ್ಲಿ ತಂತಿಯ ಬುಡ ಕಟ್ಟುವ ಲೋಹದ ಪಟ್ಟಿಯಾದ ಚೈನ್‌ಪ್ಲೇಟಿಗೆ ಬಿಗಿದು ಆಸರೆ ಕೊಡಿ. ಡೈನೀಮಾ ಸ್ಟೀಲಿನಷ್ಟೇ ಗಟ್ಟಿ, ಚಾಕುವಿನಿಂದ ಕತ್ತರಿಸಿ ಕೈಯಿಂದಲೇ ಕಟ್ಟಬಹುದು. ಹಾಗಾಗಿ ಅತಿ ಉದ್ದದ ತಂತಿಗೆ ಸಾಲುವಷ್ಟನ್ನು ಸುರುಳಿ ಸುತ್ತಿ ಇಟ್ಟುಕೊಂಡಿರಬೇಕು.

ಇನ್ನು ಚುಕ್ಕಾಣಿ. ಇಪ್ಪತ್ತು ದಿನ ಇಬ್ಬರು ಕೈಯಲ್ಲೇ ಚುಕ್ಕಾಣಿ ಹಿಡಿಯುವುದು ಆಗದ ಮಾತು. ವಿದ್ಯುತ್ತಿನ ಆಟೋಪೈಲಟ್ ಒಂದು ದಾರಿ, ಗಾಳಿಪಟ್ಟಿಯ ಚುಕ್ಕಾಣಿ ಇನ್ನೊಂದು. ಎರಡನೆಯದರ ಈಗಿನ ರೂಪವನ್ನು ಬಳಕೆಗೆ ತಂದವರಲ್ಲಿ ಮೊದಲಿಗ ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್. 1960ರಲ್ಲಿ ನಡೆದ ಮೊದಲ ಒಂಟಿ ನಾವಿಕರ ಅಟ್ಲಾಂಟಿಕ್ ಓಟದಲ್ಲಿ ಅವರು ಇಂಥದೊಂದನ್ನು ಬಳಸಿದ್ದರು. ಹಿಂಭಾಗದಲ್ಲಿ ತೆಳುವಾದ ಹಲಗೆಯೊಂದು ಗಾಳಿಗೆ ಮುಖ ಮಾಡಿ ನಿಂತಿರುತ್ತದೆ. ದೋಣಿ ದಾರಿ ತಪ್ಪಿದರೆ ಹಲಗೆ ಬಾಗುತ್ತದೆ, ಬಾಗಿದಾಗ ನೀರೊಳಗಿನ ಹುಟ್ಟನ್ನು ತಿರುವುತ್ತದೆ. ಹರಿಯುವ ನೀರು ಆ ಹುಟ್ಟನ್ನು ಬದಿಗೆ ತಳ್ಳುವ ಬಲ ಎರಡು ಹಗ್ಗಗಳ ಮೂಲಕ ಚುಕ್ಕಾಣಿಗೆ ಬರುತ್ತದೆ. ಒಂದು ವ್ಯಾಟ್ ವಿದ್ಯುತ್ತೂ ಬೇಡ, ದೋಣಿ ಜೋರಾಗಿ ಹೋದಷ್ಟೂ ಬಲ ಜಾಸ್ತಿ. ಅದು ಹಿಡಿಯುವುದು ದಿಕ್ಸೂಚಿಯನ್ನಲ್ಲ, ಗಾಳಿಯ ಕೋನವನ್ನು. ಗಾಳಿ ತಿರುಗಿದರೆ ದೋಣಿಯೂ ಸದ್ದಿಲ್ಲದೆ ತಿರುಗುತ್ತದೆ, ಗಂಟೆಗೊಮ್ಮೆ ದಿಕ್ಕು ನೋಡಲೇಬೇಕು. ನೇರ ಹಿಂಗಾಳಿ ಮೆಲ್ಲಗಾದಾಗ ಹಲಗೆಗೆ ಗಾಳಿಯೇ ತಾಗದೆ ತಡವರಿಸುತ್ತದೆ. ಅಂಥ ಹೊತ್ತಿಗೆ ಟಿಲ್ಲರ್ ಪೈಲಟ್ ಎಂಬ ಚಿಕ್ಕ ವಿದ್ಯುತ್ ಯಂತ್ರವೊಂದನ್ನು ಹಲಗೆಯ ಜಾಗಕ್ಕೆ ಜೋಡಿಸುವ ಉಪಾಯವಿದೆ. ಅದು ಹಲಗೆಯ ಬದಲಿಗೆ ಹುಟ್ಟನ್ನಷ್ಟೇ ತಿರುವಿದರೆ ಸಾಕು, ಚುಕ್ಕಾಣಿ ಎಳೆಯುವ ದುಡಿಮೆ ನೀರಿನದು, ವಿದ್ಯುತ್ ಖರ್ಚು ಅತ್ಯಲ್ಪ. ಆ ಎರಡು ಹಗ್ಗಗಳೂ ರಾಟೆಯ ಬಾಯಲ್ಲಿ ಸವೆಯುತ್ತವೆ. ಅರ್ಧ ದಾರಿಯಲ್ಲಿ ತುದಿ ಅದಲುಬದಲು ಮಾಡಿ, ಇನ್ನೊಂದು ಜೊತೆ ಕತ್ತರಿಸಿ ಸಿದ್ಧವಾಗಿಡಿ.

ವಿದ್ಯುತ್ತಿನ ಆಟೋಪೈಲಟ್ ಸರಾಸರಿ ಮೂರರಿಂದ ಆರು ಆಂಪಿಯರ್ ತಿನ್ನುತ್ತದೆ. ಹಿಂದಿನ ಓರೆಯಲೆಗಳಲ್ಲಿ ಅದರ ಮೋಟರಿಗೆ ಪುರುಸೊತ್ತೇ ಇಲ್ಲ, ಬಿಸಿಯೇರಿ ನಿಂತುಬಿಡುವುದುಂಟು. ಚುಕ್ಕಾಣಿ ಭಾರವಾಗಿದೆ ಅನಿಸಿದರೆ ಸೆಟ್ಟಿಂಗುಗಳನ್ನು ತಿರುಚುವ ಮೊದಲು ಹಾಯಿ ಕಡಿಮೆ ಮಾಡಿ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಚಕ್ರದ ಚುಕ್ಕಾಣಿಯಿದ್ದರೆ ಒಳಗಿನ ತಂತಿ ಸಡಿಲವಾಗಿದೆಯೇ, ರಾಟೆ ಕಿರುಗುಟ್ಟುತ್ತಿದೆಯೇ ಎಂದು ಎರಡು ದಿನಕ್ಕೊಮ್ಮೆ ಟಾರ್ಚ್ ಹಿಡಿದು ನೋಡಬೇಕು. ಚಕ್ರ ಕೆಟ್ಟರೆ ಬಳಸುವ ತುರ್ತು ಟಿಲ್ಲರನ್ನು, ಅಂದರೆ ಚುಕ್ಕಾಣಿಯ ಹಿಡಿಕೋಲನ್ನು, ಬಂದರಿನಲ್ಲೇ ಹಾಕಿ ನೋಡಿ. ಎಷ್ಟೋ ದೋಣಿಗಳಲ್ಲಿ ಅದು ಚಕ್ರಕ್ಕೆ ತಾಗಿ ಪೂರ್ತಿ ತಿರುಗುವುದೇ ಇಲ್ಲ.

ಕರೆಂಟಿನ ಲೆಕ್ಕ ಕಾಗದದ ಮೇಲೆ ಹೀಗೆ ಬರುತ್ತದೆ: ಆಟೋಪೈಲಟ್ ನಾಲ್ಕು ಆಂಪಿಯರ್‌ನಂತೆ ದಿನಕ್ಕೆ 96 ಆಂಪಿಯರ್-ಅವರ್, ಫ್ರಿಜ್ 45, ಉಪಕರಣ, ರೇಡಿಯೊ, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಎಲ್ಲ ಸೇರಿ 35, ದೀಪ ಫೋನುಗಳಿಗೆ 10. ಒಟ್ಟು 186. ಗಾಳಿಪಟ್ಟಿ ಇದ್ದರೆ ಇದು 90ಕ್ಕೆ ಇಳಿಯುತ್ತದೆ. 300 ವ್ಯಾಟ್ ಸೋಲಾರ್ ಹಲಗೆ ಒಳ್ಳೆಯ ದಿನ ಸುಮಾರು 80 ಆಂಪಿಯರ್-ಅವರ್ ಕೊಟ್ಟೀತು. ಆದರೆ ಪಶ್ಚಿಮಕ್ಕೆ ಹೋಗುವಾಗ ಮಧ್ಯಾಹ್ನದ ಮೇಲೆ ಬಿಸಿಲು ಮುಂದಿನಿಂದ ಬರುತ್ತದೆ, ಹಿಂಭಾಗದ ಹಲಗೆಗಳ ಮೇಲೆ ಹಾಯಿಯ ನೆರಳು ಬೀಳುತ್ತದೆ. ಬಂದರಿನಲ್ಲಿ ಅಳೆದ ಲೆಕ್ಕವನ್ನು ನಂಬಿ ಹೊರಟವರ ಬ್ಯಾಟರಿ ನಾಲ್ಕನೇ ದಿನಕ್ಕೆ ಬಸವಳಿಯುವುದು ಇದರಿಂದಲೇ. ಹಿಂದೆ ನೀರಿನಲ್ಲಿ ತಿರುಗುವ ಹೈಡ್ರೋಜನರೇಟರ್ ಐದಾರು ನಾಟ್ ವೇಗದಲ್ಲಿ ನೂರು ವ್ಯಾಟ್ ಆಸುಪಾಸು, ಹಗಲೂ ರಾತ್ರಿ ಕೊಡುತ್ತದೆ. ಇದರ ಶತ್ರು ಸರ್ಗಾಸಮ್ ಕಳೆ. 2011ರಿಂದೀಚೆಗೆ ಈ ಕಡಲಿನ ಉಷ್ಣವಲಯದಲ್ಲಿ ಕಂದು ಹಳದಿ ಬಣ್ಣದ ಈ ಕಳೆ ಉದ್ದುದ್ದ ಪಟ್ಟಿಯಾಗಿ ತೇಲುತ್ತಿರುತ್ತದೆ, ರೆಕ್ಕೆಗೆ ಸುತ್ತಿಕೊಂಡರೆ ಎತ್ತಿ ಬಿಡಿಸದೆ ಗತಿಯಿಲ್ಲ. ಗಾಳಿಪಟ್ಟಿಯ ಹುಟ್ಟಿಗೂ ಮೀನಿನ ಗಾಳಕ್ಕೂ ಅದೇ ಪಾಡು. ಲಿಥಿಯಂ ಬ್ಯಾಟರಿ ಹಾಕಿಸಿದವರು ಎಂಜಿನ್‌ನ ಆಲ್ಟರ್ನೇಟರನ್ನು ಅದಕ್ಕೆ ನೇರ ಜೋಡಿಸಬೇಡಿ. ಬ್ಯಾಟರಿ ಕೊಟ್ಟಷ್ಟನ್ನೂ ನುಂಗುತ್ತಾ ಹೋಗುವುದರಿಂದ ಆಲ್ಟರ್ನೇಟರ್ ಬೆಂದುಹೋಗುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು.

ಎಂಜಿನ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಗಂಟೆಗೆ ಮೂರು ಲೀಟರ್ ಕುಡಿಯುವ ಎಂಜಿನ್‌ಗೆ 150 ಲೀಟರ್ ಡೀಸೆಲ್ ಐವತ್ತು ಗಂಟೆಗೆ, ಅಂದರೆ 250 ಮೈಲಿಗೆ ಮುಗಿಯಿತು. ಹೊರಳಾಟಕ್ಕೆ ಟ್ಯಾಂಕಿನ ತಳದ ಹೂಳು ಕದಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಾಲ್ಕೈದು ಫಿಲ್ಟರ್, ನೀರಿನ ಪಂಪಿಗೆ ಎರಡು ಇಂಪೆಲ್ಲರ್, ಒಂದು ಬೆಲ್ಟ್ ಕೈಯಲ್ಲಿರಲಿ.

ನೀರಿನ ವಿಚಾರದಲ್ಲಿ ಜಿಪುಣತನವೇ ಜಾಣತನ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಮೂರು ಲೀಟರ್, ಮೈ ಒರೆಸಿಕೊಳ್ಳಲು, ಪಾತ್ರೆಯ ಕೊನೆಯ ಜಾಲಾಟಕ್ಕೆ ಇನ್ನೆರಡು. ಇಬ್ಬರಿಗೆ ಇಪ್ಪತ್ತೈದು ದಿನಕ್ಕೆ 250 ಲೀಟರ್. ಅದರ ಮೇಲೆ ಮೂರನೇ ಒಂದು ಪಾಲು ಹೆಚ್ಚಿಗೆ. ಒಂದೇ ಟ್ಯಾಂಕಿನಲ್ಲಿ ಎಲ್ಲವನ್ನೂ ಇಡಬೇಡಿ. ಒಂದು ಸೀಳಿದರೆ, ಅಥವಾ ಡೆಕ್ಕಿನ ಮುಚ್ಚಳದಿಂದ ಉಪ್ಪುನೀರು ಇಳಿದರೆ, ಎಲ್ಲ ಹೋಯಿತು. ಕ್ಯಾನುಗಳಲ್ಲಿ ಅರವತ್ತು ಲೀಟರ್ ಬೇರೆ ಇರಲಿ, ಹತ್ತರಲ್ಲಿ ಒಂದು ಪಾಲು ಖಾಲಿ ಬಿಟ್ಟು ತುಂಬಿ. ದೋಣಿ ಬಿಡಬೇಕಾಗಿ ಬಂದರೆ ಆ ಕ್ಯಾನು ತೇಲುತ್ತದೆ. ಕಡಲನೀರನ್ನು ಸಿಹಿ ಮಾಡುವ ಯಂತ್ರ ಸುಮಾರು 55 ಬಾರ್ ಒತ್ತಡದಲ್ಲಿ ನೀರನ್ನು ಪೊರೆಯ ಮೂಲಕ ತಳ್ಳುತ್ತದೆ. ದೋಣಿ ಹೊರಳಿದಾಗ ನೀರೆಳೆಯುವ ತೂತು ಮೇಲೆದ್ದು ಪಂಪು ಗಾಳಿ ಕುಡಿದರೆ ಅದು ಒದ್ದಾಡಿ ನಿಲ್ಲುತ್ತದೆ. ಪೊರೆಗೆ ಕ್ಲೋರಿನ್ ವಿಷ. ಹಾಗಾಗಿ ಬಂದರಿನ ನಲ್ಲಿಯ ನೀರಿನಿಂದ ತೊಳೆಯುವಾಗ ಇದ್ದಿಲು ಫಿಲ್ಟರ್ ಕಡ್ಡಾಯ. ಯಂತ್ರ ಇದ್ದರೂ ಟ್ಯಾಂಕ್ ತುಂಬಿಸಿಕೊಂಡೇ ಹೊರಡಬೇಕು, ಅದು ಕೆಟ್ಟುನಿಂತ ದಿನದಿಂದ ಕೊನೆಯವರೆಗೆ ಸಾಲುವಷ್ಟು ನೀರು ಯಾವಾಗಲೂ ಇರಬೇಕು. ಮಳೆನೀರು ಹಿಡಿಯುವುದಾದರೆ ಮೊದಲ ಕೆಲವು ನಿಮಿಷದ್ದನ್ನು ಚೆಲ್ಲಿ. ಕೇಪ್ ವರ್ಡ್ ದಾಟುವವರೆಗೂ ಸಹಾರಾದ ಕೆಂಧೂಳು ಹಾಯಿ, ಹಗ್ಗಗಳ ಮೇಲೆಲ್ಲ ಕೂತಿರುತ್ತದೆ.

ಬಿಲ್ಜ್‌ನಲ್ಲಿ, ಅಂದರೆ ದೋಣಿಯ ತಳದಲ್ಲಿ, ನೀರು ಕಂಡರೆ ಬೆರಳದ್ದಿ ನಾಲಗೆಗೆ ತಾಗಿಸಿ. ಸಿಹಿಯಾದರೆ ಟ್ಯಾಂಕ್ ಸೋರುತ್ತಿದೆ. ಉಪ್ಪಾದರೆ ಎಲ್ಲ ಸೀಕಾಕ್ (ದೋಣಿಯ ತಳದ ತೂತುಗಳ ಕವಾಟ), ಶಾಫ್ಟಿನ ಸೀಲ್ ನೋಡುವವರೆಗೆ ಮಲಗುವಂತಿಲ್ಲ. ಪ್ರತಿ ಸೀಕಾಕ್‌ಗೂ ಅದರ ಅಳತೆಯ ಮರದ ಬೆಣೆ ಕಟ್ಟಿಟ್ಟಿರಬೇಕು.

ಅಡುಗೆಗೆ ನಮ್ಮ ಮನೆಗಳ ಕುಕ್ಕರ್‌ಗಿಂತ ಒಳ್ಳೆಯ ಪಾತ್ರೆ ಕಡಲಿನಲ್ಲಿ ಇಲ್ಲ. ಒಲೆ ತೂಗುಕೀಲಿನ ಮೇಲಿದ್ದು ದೋಣಿ ಹೊರಳಿದರೂ ಮಟ್ಟವಾಗಿರುತ್ತದೆ, ಆದರೂ ಒಮ್ಮೊಮ್ಮೆ ಅಡ್ಡ ಅಲೆ ಬಡಿದು ಪಾತ್ರೆ ಜಿಗಿಯುತ್ತದೆ. ಕುಕ್ಕರಿನ ಮುಚ್ಚಳ ಬೀಗ ಹಾಕಿದಂತೆ, ಚೆಲ್ಲುವುದಿಲ್ಲ, ಗ್ಯಾಸೂ ಕಮ್ಮಿ. ಅಕ್ಕಿ, ಹೆಸರುಬೇಳೆ ಒಟ್ಟಿಗೆ ಹಾಕಿ ಮೂರು ಕೂಗು ಕೂಗಿಸಿದರೆ ಒಂದೇ ಬಟ್ಟಲಿನಲ್ಲಿ ಊಟ. ನೀರಿನ ನಾಲ್ಕನೇ ಒಂದು ಭಾಗ ಕಡಲನೀರು ಹಾಕಿ, ಬೇರೆ ಉಪ್ಪು ಬೇಡ. ಲೀಟರ್ ಕಡಲನೀರಿನಲ್ಲಿ 35 ಗ್ರಾಂ ಉಪ್ಪಿದೆ, ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕಿದರೆ ಬಾಯಿಗಿಡಲಾಗದು. ಈ ಪಯಣಗಳಲ್ಲಿ ಸುಟ್ಟಗಾಯದ ಭಯ ಇದ್ದೇ ಇದೆ. ಬಿಸಿಲಿಗೆ ಚಡ್ಡಿಯಲ್ಲೇ ಇದ್ದವರೂ ಒಲೆಯ ಮುಂದೆ ನಿಲ್ಲುವಾಗ ಮಳೆಯ ಪ್ಯಾಂಟ್ ಅಥವಾ ರಬ್ಬರ್ ಏಪ್ರನ್ ಹಾಕಿಕೊಳ್ಳಲಿ. ಲೋಟ ಅರ್ಧಕ್ಕಿಂತ ತುಂಬಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬಿಲ್ಜ್‌ಗಿಳಿದು ಕೂರುತ್ತದೆ. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಬುಡದಲ್ಲೇ ಬಂದ್ ಮಾಡಬೇಕು. ಯುರೋಪಿನ ನೀಲಿ ಸಿಲಿಂಡರಿನಲ್ಲಿ 2.75 ಕಿಲೋ ಬ್ಯೂಟೇನ್ ಇರುತ್ತದೆ. ಇಬ್ಬರು ಕುಕ್ಕರನ್ನೇ ನೆಚ್ಚಿದರೆ ಒಂದು ಸಿಲಿಂಡರ್ ಮೂರು ವಾರ ಬಂದೀತು, ಆದರೆ ಮೂರು ಒಯ್ಯಿರಿ.

ರಟ್ಟಿನ ಪೆಟ್ಟಿಗೆ ದೋಣಿಯೊಳಗೆ ಬರಲೇಬಾರದು, ಜಿರಲೆ ಮೊಟ್ಟೆ ಬರುವುದು ಅದರ ಪದರಗಳಲ್ಲೇ. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಇಡಿ. ಎಲೆಕೋಸು ಮೂರು ವಾರ ಬಾಳುತ್ತದೆ, ಹೊರಗಿನ ಎಲೆ ಒಂದೊಂದೇ ಕಿತ್ತು ಬಳಸಿದರೆ ಇನ್ನೂ ಹೆಚ್ಚು. ಬಾಳೆಗೊನೆ ಒಂದೇ ದಿನ ಪೂರ್ತಿ ಹಣ್ಣಾಗುತ್ತದೆ, ಕೊಳ್ಳುವಾಗ ಬೇರೆ ಬೇರೆ ಬಲಿತದ ಚಿಪ್ಪುಗಳನ್ನು ಆರಿಸಿ. ಫ್ರಿಜ್ಜಿನಲ್ಲಿಟ್ಟಿರದ, ತೊಳೆಯದ ಮೊಟ್ಟೆಯನ್ನು ಎರಡು ದಿನಕ್ಕೊಮ್ಮೆ ತಲೆಕೆಳಗು ಮಾಡಿದರೆ ವಾರಗಟ್ಟಲೆ ಇರುತ್ತದೆ. ಹನ್ನೆರಡನೇ ದಿನದ ಹೊತ್ತಿಗೆ ಹಸಿರು ಮುಗಿದಾಗ ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿ. ನಿಂಬೆ ಹಿಂಡಿದ ಕೋಸಂಬರಿಯ ಬೆಲೆ ಅಲ್ಲಿ ಗೊತ್ತಾಗುತ್ತದೆ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಗೊಜ್ಜು ಮನೆಯಿಂದಲೇ ಒಯ್ಯಬಹುದು. ಲಾಸ್ ಪಾಲ್ಮಾಸ್‌ನಲ್ಲಿ ತಲೆಮಾರುಗಳಿಂದ ನೆಲೆಸಿದ ಸಿಂಧಿ ವ್ಯಾಪಾರಿಗಳಿರುವುದರಿಂದ ಬೇಳೆಕಾಳಿಗೆ ಪರದಾಟವಿಲ್ಲ. ಮೊದಲ ಮೂರು ದಿನದ ಊಟ ಮಾತ್ರ ಹೊರಡುವ ಮುನ್ನವೇ ಬೇಯಿಸಿಡಿ. ಹೊಟ್ಟೆ ತೊಳಸುವ ದಿನಗಳಲ್ಲಿ ಕೆಳಗಿಳಿದು ಈರುಳ್ಳಿ ಹೆಚ್ಚಲು ಯಾರಿಂದಲೂ ಆಗುವುದಿಲ್ಲ. ಗುಳಿಗೆ ತೆಗೆದುಕೊಳ್ಳುವವರು ವಾಂತಿ ಶುರುವಾಗುವ ಮುಂಚೆ, ಹೊರಡುವ ಹಿಂದಿನ ರಾತ್ರಿಯೇ ಶುರು ಮಾಡಬೇಕು.

ಕಾವಲಿನ ಪಾಳಿ ಇಬ್ಬರಿಗೆ ರಾತ್ರಿ ಮೂರು ಮೂರು ಗಂಟೆ, ಮೂವರಿದ್ದರೆ ಮೂರು ಗಂಟೆ ಕಾವಲು, ಆರು ಗಂಟೆ ನಿದ್ದೆ. ಕಾಕ್‌ಪಿಟ್‌ನಲ್ಲಿ ಕೂತವರ ಕಣ್ಣು ನೀರಿಗಿಂತ ಎರಡೂವರೆ ಮೀಟರ್ ಮೇಲಿರುತ್ತದೆ, ದಿಗಂತ ಬರೀ ಮೂರು ಚಿಲ್ಲರೆ ಮೈಲಿ. ದೊಡ್ಡ ಹಡಗಿನ ದೀಪಗಳು ಎತ್ತರದಲ್ಲಿರುವುದರಿಂದ ಅದಕ್ಕಿಂತ ದೂರದಿಂದಲೇ ಕಾಣುತ್ತವೆ, ನಿಜ. ಆದರೂ ಹದಿನೆಂಟು ನಾಟಿನ ಹಡಗು ನಿಮ್ಮ ಆರು ನಾಟಿಗೆ ಎದುರಾಗಿ ಬಂದರೆ ಎಂಟು ಮೈಲಿ ಕರಗಲು ಇಪ್ಪತ್ತೇ ನಿಮಿಷ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು, ಹಾಯಿಯ ಮರೆಯನ್ನೂ ಬಿಡದೆ, ಸುತ್ತಲೂ ನೋಡುವುದು ಇದಕ್ಕೆ. ಹಡಗು ಎರಡು ಮೈಲಿಯೊಳಗೆ ಹಾಯುವುದಿದ್ದರೆ ಇಪ್ಪತ್ತು ನಿಮಿಷ ಮೊದಲೇ ಕೂಗುವಂತೆ ಎಐಎಸ್ ಅಲಾರಾಂ ಇಡಿ. ಆದರೆ ಎಲ್ಲ ದೋಣಿಗಳಲ್ಲೂ ಎಐಎಸ್ ಇರುವುದಿಲ್ಲ.

ಹವಾಮಾನ ಮುನ್ಸೂಚನೆಯ ಗ್ರಿಬ್ ಫೈಲುಗಳಲ್ಲಿ ಕಾಣದೇ ಇರುವುದು ಸ್ಕ್ವಾಲ್. ಕಪ್ಪು ಮೋಡದ ಕಟ್ಟು ಹಿಂದಿನಿಂದ ಬಂದು ಇಪ್ಪತ್ತು ನಾಟಿನ ಗಾಳಿಯನ್ನು ಮೂವತ್ತೈದಕ್ಕೆ ಏರಿಸಿ ಅರ್ಧ ಗಂಟೆಯಲ್ಲಿ ಹೊರಟುಹೋಗುತ್ತದೆ. ಹಗಲು ಕಣ್ಣಿಗೆ ಕಾಣುತ್ತದೆ. ರಾತ್ರಿ ಹಿಂದಿನ ನಕ್ಷತ್ರಗಳು ಕಾಣೆಯಾಗುತ್ತಿವೆಯೇ ಎಂದು ನೋಡುತ್ತಿರಬೇಕು. ಮುಖಕ್ಕೆ ತಣ್ಣನೆ ಗಾಳಿ ಬಡಿದಾಗ ಹಾಯಿ ಸುತ್ತಲು ಹೋದರೆ ತಡವಾಯಿತು. ಕತ್ತಲಾಗುವ ಮುಂಚೆಯೇ ಹಾಯಿಯನ್ನು ಒಂದು ಹಂತ ಚಿಕ್ಕದು ಮಾಡಿಬಿಡಿ. ಅರ್ಧ ನಾಟ್ ವೇಗ ಹೋದರೂ ಮಲಗಿದವರಿಗೆ ನಿದ್ದೆ ಬರುತ್ತದೆ, ಮೂರನೇ ವಾರಕ್ಕೆ ನಿದ್ದೆಯೇ ಎಲ್ಲಕ್ಕಿಂತ ದುಬಾರಿ ಸಾಮಾನು.

ಮಲಗುವುದು ದೋಣಿಯ ನಡುಭಾಗದಲ್ಲಿ. ಮೂತಿಯ ಕೋಣೆಯಲ್ಲಿ ಮಲಗಿದರೆ ಮೈ ಹಾಸಿಗೆ ಬಿಟ್ಟು ಮೇಲೇಳುತ್ತದೆ. ಮಂಚದ ಅಂಚಿಗೆ ಒಂದೂವರೆ ಮೀಟರ್ ಉದ್ದ, ಮೊಳ ಎತ್ತರದ ಕ್ಯಾನ್ವಾಸ್ ತಡೆ ಕಟ್ಟಿ, ಎರಡೂ ಬದಿಗೆ ದಿಂಬು ತುರುಕಿಕೊಂಡರೆ ಹೊರಳು ನಿಲ್ಲುತ್ತದೆ. ಬಟ್ಟೆಗೆ ಉಪ್ಪು ಹಿಡಿದರೆ ಅದು ಗಾಳಿಯ ತೇವ ಎಳೆದು ಎಂದಿಗೂ ಒಣಗುವುದಿಲ್ಲ, ಕೂತ ಜಾಗದಲ್ಲಿ ಕುರು ಏಳುತ್ತದೆ. ದಿನಕ್ಕೆ ಒಂದು ಲೋಟ ಸಿಹಿನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಒಣ ಚಡ್ಡಿ ಹಾಕಿಕೊಂಡರೆ ಇದು ಬರದು. ಚಿಕ್ಕ ಗಾಯವನ್ನೂ ಅಂದೇ ತೊಳೆದು ಮುಚ್ಚಬೇಕು, ತೇವದಲ್ಲಿ ಅದು ಬೇಗ ಕೀವಾಗುತ್ತದೆ. ಕೈಮೀರಿದರೆ ರೋಮ್‌ನಲ್ಲಿ 1935ರಿಂದ ನಡೆಯುತ್ತಿರುವ ಸಿಐಆರ್‌ಎಂ ಕೇಂದ್ರದ ವೈದ್ಯರು ಕಡಲಿನಲ್ಲಿರುವವರಿಗೆ ಉಚಿತವಾಗಿ ಸಲಹೆ ಕೊಡುತ್ತಾರೆ.

ನೀರಿಗೆ ಬೀಳುವುದರ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಆರು ನಾಟ್ ಎಂದರೆ ಸೆಕೆಂಡಿಗೆ ಮೂರು ಮೀಟರ್. ಬಿದ್ದವರು ಒಂದು ನಿಮಿಷದಲ್ಲಿ 185 ಮೀಟರ್ ಹಿಂದೆ, ಎರಡು ಮೀಟರ್ ಅಲೆಗಳ ನಡುವೆ ತಲೆ ಕಾಣುವುದಿಲ್ಲ. ಪೋಲ್ ಕಟ್ಟಿದ ಹಾಯಿಗಳನ್ನು ಇಳಿಸಿ ದೋಣಿ ತಿರುಗಿಸಲು ಒಬ್ಬರಿಗೆ ಹತ್ತು ನಿಮಿಷವೂ ಸಾಲದು. ಆದ್ದರಿಂದ ರಾತ್ರಿ ಒಬ್ಬರೇ ಇರುವಾಗ ಮೆಟ್ಟಿಲು ಹತ್ತುವ ಮುಂಚೆಯೇ ಕೊಕ್ಕೆ ಹಾಕಿಕೊಳ್ಳಬೇಕು. ಡೆಕ್ಕಿನ ಉದ್ದಕ್ಕೂ ಕಟ್ಟುವ ಸುರಕ್ಷೆಯ ಪಟ್ಟಿ ಚಪ್ಪಟೆಯಾಗಿರಲಿ, ದುಂಡು ಹಗ್ಗ ಕಾಲಡಿ ಉರುಳುತ್ತದೆ. ಆ ಪಟ್ಟಿಯನ್ನು ಬಿಸಿಲು ತಿನ್ನುತ್ತದೆ, ಬಂದರಿನಲ್ಲಿದ್ದಾಗ ಬಿಚ್ಚಿ ಒಳಗಿಡಿ. ಕೊಕ್ಕೆಯ ಹಗ್ಗ ಒಂದು ಮೀಟರಿನದ್ದೇ ಒಳ್ಳೆಯದು. ಎರಡು ಮೀಟರಿನದು ನಿಮ್ಮನ್ನು ದೋಣಿಯ ಪಕ್ಕದ ನೀರಿನಲ್ಲಿ ಎಳೆದುಕೊಂಡು ಹೋಗುತ್ತದೆ.

ಪಶ್ಚಿಮಕ್ಕೆ ಹದಿನೈದು ಡಿಗ್ರಿಗೆ ಒಂದು ಗಂಟೆ ಗಡಿಯಾರ ಹಿಂದಕ್ಕೆ. ಲಾಗ್ ಪುಸ್ತಕ ಕೊನೆಯವರೆಗೂ ಯುಟಿಸಿಯಲ್ಲೇ, ಅಂದರೆ ವಿಶ್ವ ಸಮಯದಲ್ಲೇ, ಇರಲಿ. ಗೋಡೆಯ ಗಡಿಯಾರವನ್ನು ಐದು ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ, ಬದಲಿಸಿ. ರಾತ್ರಿ ಬದಲಿಸಿದರೆ ಒಬ್ಬರ ಪಾಳಿಗೆ ಒಂದು ಗಂಟೆ ಹೆಚ್ಚು ಬೀಳುತ್ತದೆ, ಜಗಳಗಳು ಶುರುವಾಗುವುದು ಇಂಥದರಿಂದಲೇ.

ಕೊನೆಯ ಇನ್ನೂರು ಮೈಲಿ ಇರುವಾಗಲೇ ತಲುಪುವ ಗಂಟೆಯನ್ನು ಲೆಕ್ಕ ಹಾಕಿ. ಕತ್ತಲಲ್ಲಿ ಮುಟ್ಟುವುದಾದರೆ ಆಗಲೇ ಹಾಯಿ ಕಡಿಮೆ ಮಾಡಿ ನಿಧಾನಿಸುವುದು ಒಳ್ಳೆಯದು, ಕೊನೆಯ ಹತ್ತು ಮೈಲಿಯಲ್ಲಿ ದಡದ ಅಲೆಗಳ ನಡುವೆ ತಡೆದು ನಿಲ್ಲುವುದು ಕಷ್ಟ. ಇಪ್ಪತ್ತು ದಿನ ಬಳಸದ ಲಂಗರಿನ ಸರಪಳಿ ಹೊರಳಾಟಕ್ಕೆ ತನ್ನ ಪೆಟ್ಟಿಗೆಯಲ್ಲಿ ಮಗುಚಿ ಗಂಟಾಗಿರುತ್ತದೆ. ಹಿಂದಿನ ಸಂಜೆಯೇ ಬಿಡಿಸಿ, ಚೈನ್ ಪೈಪಿಗೆ ತುರುಕಿದ ಬಟ್ಟೆ ತೆಗೆದು, ಎಂಜಿನ್ ಹದಿನೈದು ನಿಮಿಷ ಓಡಿಸಿ ಎಕ್ಸಾಸ್ಟ್‌ನಿಂದ ನೀರು ಬರುತ್ತಿದೆಯೇ ನೋಡಿ, ಗೇರ್ ಹಿಂದೆ ಮುಂದೆ ಎರಡೂ ಬೀಳುತ್ತದೆಯೇ ಪರೀಕ್ಷಿಸಿ. ಸೇಂಟ್ ಲೂಸಿಯಾದ ಉತ್ತರ ತುದಿ ಬಳಸಿ ಪಿಜನ್ ಐಲೆಂಡ್ ದಾಟಿ ರಾಡ್ನಿ ಬೇ ಹೊಕ್ಕರೆ ಅಲೆ ನಿಲ್ಲುತ್ತದೆ. ಹೊರದೇಶದಿಂದ ಬಂದ ಗುರುತಾದ ಹಳದಿ ಕ್ಯೂ ಬಾವುಟ ಏರಿಸಿ, ಕಸ್ಟಮ್ಸ್, ಇಮಿಗ್ರೇಷನ್ ಮುಗಿಯುವವರೆಗೆ ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ಇಳಿಯಬಾರದು. ಸಿಹಿನೀರು ಸಿಕ್ಕಿದ ಮೊದಲ ದಿನ ರಾಟೆ, ವಿಂಚು, ಫರ್ಲರ್‌ಗಳ ಉಪ್ಪು ತೊಳೆಯಿರಿ. ನೀರಿನ ಯಂತ್ರವನ್ನು ವಾರಕ್ಕೂ ಹೆಚ್ಚು ಬಳಸುವುದಿಲ್ಲವಾದರೆ ಪೊರೆಗೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಡಿ. ಸವೆದ ಹಗ್ಗಗಳನ್ನು ಎಸೆಯುವ ಮೊದಲು ಯಾವ ಜಾಗದಲ್ಲಿ ಎಷ್ಟು ಸವೆದಿದೆ ಎಂದು ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಚರ್ಮದ ತೇಪೆ ಎಲ್ಲೆಲ್ಲಿ ಬೇಕೆಂದು ಅದರಿಂದಲೇ ತಿಳಿಯುತ್ತದೆ.